ಶರಣವ್ವನ ಮನೆಗೆ ಒಯ್ದ ಹಾರ

2024ರ ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಕೊಟ್ಟೂರಿನ ನಮ್ಮ ಓಣಿಯ ಬಾಯಲ್ಲಿದ್ದ ಬೇವಿನ ಮರದ ಕಟ್ಟೆಯನ್ನು ಜೆಸಿಬಿ ಒಡೆದು ಹಾಕಿತು. ಹೊಸ ಚರಂಡಿ ಆ ಮೂಲೆಯಲ್ಲೇ ತಿರುಗಬೇಕಿತ್ತು. ಮರಕ್ಕೆ ಏನೂ ಆಗಲಿಲ್ಲ. ಕಟ್ಟೆಯ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ತುಂಬಿಕೊಂಡು ಹೋದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಒಂದು ಉದ್ದನೆಯ ಗುಂಡಿ, ಗುಂಡಿಯ ದಂಡೆಗೆ ಕೆಂಪು ಮಣ್ಣು, ಮಣ್ಣಿನ ಆಚೆ ನಿಂತು ನೋಡುತ್ತಿದ್ದ ಮೂವರು ಮುದುಕರು ಇದ್ದರು. ಅವರಲ್ಲಿ ಒಬ್ಬ ನನ್ನ ಅಪ್ಪ.

ಆಗ ನಾನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಿಂದ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ. ಆ ದಿನ ಮೆಕ್ಕೆಜೋಳದ ಬಿತ್ತನೆಯ ಬಗ್ಗೆ ಬರೆದು ಕಳಿಸಿದೆ. ಕಟ್ಟೆಯ ಬಗ್ಗೆ ಏನೂ ಕಳಿಸಲಿಲ್ಲ. ಒಂದು ಕಟ್ಟೆ ಒಡೆದದ್ದು ಆಗಲೂ ಸುದ್ದಿಯಲ್ಲ, ಈಗಲೂ ಅಲ್ಲ.

ಈಚೆಗೆ ಹರಪನಹಳ್ಳಿಯಲ್ಲಿ ಹಿರಿಯ ನಾಗರಿಕರಿಗೆ ಸನ್ಮಾನದ ಸಭೆ ಇತ್ತು. ಹಿಂದಿನ ದಿನದ ಮಳೆಗೆ ನೆನೆದ ಶಾಮಿಯಾನ ಇನ್ನೂ ಆರಿರಲಿಲ್ಲ. ಭಾಷಣಗಳು ಮುಗಿಯಲಿಲ್ಲ; ಶಾಲು ಹೊದೆಸಿಕೊಳ್ಳಬೇಕಾದವರು ಬಚ್ಚಲಿಗೆ ಎಲ್ಲಿ ಹೋಗಬೇಕೆಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ನಾನು ಕೊನೆಯ ಸಾಲಿನಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ. ಒದ್ದೆ ಶಾಮಿಯಾನದ ಮುಗ್ಗಲು ವಾಸನೆ ಮೂಗಿಗೆ ಬಡಿದು ಕೈ ನಿಂತಿತು. ಆ ಆಷಾಢ ಮತ್ತು ಶ್ರಾವಣ ನಾನು ಆ ವಾಸನೆಯಲ್ಲೇ ತಿರುಗಾಡಿದ್ದೆ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ, ಹಡಗಲಿ ಹಾಯ್ದು ಹೊಳಲಿಗೆ ಹೋಗಿ ಬರುವ ಗಾಡಿಯಲ್ಲೇ ಅವನ ನೌಕರಿಯ ಬಹುಪಾಲು ಕಳೆಯಿತು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಆ ವರ್ಷದ ಯುಗಾದಿಗೆ ಮುಂಚೆ ಅವನಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು. ಮಾತು ಸರಿಹೋಗಲಿಲ್ಲ. ಮನಸ್ಸಿನಲ್ಲಿ ಇದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಬೇರೆಯಾಗುತ್ತಿತ್ತು. ನೀರು ಬೇಕಾದರೆ ‘ಚಪ್ಪಲಿ’ ಅನ್ನುತ್ತಿದ್ದ, ಅಂದ ಕೂಡಲೇ ತಪ್ಪೆಂದು ತಿಳಿದು ತಲೆ ಕೊಡವುತ್ತಿದ್ದ. ಬೈಗುಳ ಮಾತ್ರ ತಡವರಿಸದೆ ಬರುತ್ತಿತ್ತು.

ದಾವಣಗೆರೆಯ ಡಾಕ್ಟರು ನನಗೆ ಹೇಳಿದ್ದು ಇಷ್ಟು: “ದಿನಾ ಮಾತಾಡಿಸ್ರಿ. ಬಿಟ್ರೆ ಇರೋದೂ ಹೋಗುತ್ತೆ. ಅವರು ತಡವರಿಸಿದಾಗ ನೀವು ಮಾತು ಪೂರ್ತಿ ಮಾಡಬೇಡಿ, ಕಾಯಿರಿ.”

ನಾನು ಕಾಯುತ್ತಿದ್ದೆ. ಆದರೆ ಅಪ್ಪ ನನ್ನೆದುರು ಮಾತಾಡಲು ಒಪ್ಪುತ್ತಿರಲಿಲ್ಲ. ಮಗಳ ಮುಂದೆ ತಪ್ಪಲು ಅವನಿಗೆ ನಾಚಿಕೆ. ಕಟ್ಟೆಯ ಮೇಲೆ ಆ ನಾಚಿಕೆ ಇರಲಿಲ್ಲ, ಯಾಕೆಂದರೆ ಅಲ್ಲಿದ್ದವರು ಅವನ ತಪ್ಪಿಗೆ ನೇರವಾಗಿ ನಗುತ್ತಿದ್ದರು. ಗುರುಬಸಪ್ಪ ಕಾಳುಕಡಿ ವ್ಯಾಪಾರ ಮಾಡಿ ಅಂಗಡಿಯನ್ನು ಮಕ್ಕಳಿಗೆ ಬಿಟ್ಟವರು. ದುರುಗಪ್ಪ ಲೈನ್‌ಮನ್ ಆಗಿ ನಿವೃತ್ತರಾದವರು. ದುರುಗಪ್ಪನವರ ತಂದೆಯ ಕಾಲದಲ್ಲಿ ಅವರ ಕೇರಿಯವರು ಕಟ್ಟೆಯ ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದರು. ನೀವು ಯಾವಾಗಿನಿಂದ ಮೇಲೆ ಕೂಡತೊಡಗಿದಿರಿ ಎಂದು ನಾನೊಮ್ಮೆ ಕೇಳಿದ್ದೆ. “ಕಂಬ ಹತ್ತಾಕ ಕಲ್ತ ಮ್ಯಾಲ ಕಟ್ಟಿ ಏನ್ ಎತ್ತರವಾ,” ಅಂದಿದ್ದರು.

ಸಂಜೆ ಅಪ್ಪನನ್ನು ಕರೆದುಕೊಂಡು ಬರಲು ಹೋದಾಗ ನಾನು ಸ್ವಲ್ಪ ದೂರದಲ್ಲೇ ಸ್ಕೂಟರ್ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ.

“ಕಂಡಕ್ಟರ್, ಗಾಡಿ ಎಲ್ಲಿಗಿ ಬಂತೋ?” ಇದು ಗುರುಬಸಪ್ಪ.

“ಹಗರಿ… ಹಗರಿ ಬೊಮ್ಮಣ್ಣಿ.”

“ಬೊಮ್ಮಣ್ಣಿ ಯಾರ್ಲೇ? ನಿನ್ನ ಹಳೇ ಪ್ಯಾಸೆಂಜರ್ರೇನು?”

“ಲಗೂನ ಹೇಳಪ,” ದುರುಗಪ್ಪ ಸೇರಿಸುತ್ತಿದ್ದರು. “ಇಳಿಯೋರು ಅದಾರ. ಸಾವ್ಕಾರ್ರಿಗಿ ಒಂದಕ್ಕ ಅವಸರ ಆಗೈತಿ.”

“ಹಲ್ಕಟ್,” ಅನ್ನುತ್ತಿದ್ದ ಅಪ್ಪ, ಸ್ಪಷ್ಟವಾಗಿ. ಆಮೇಲೆ ಮತ್ತೆ ಪ್ರಯತ್ನಿಸುತ್ತಿದ್ದ. ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಳಲು. ಜ್ಯೇಷ್ಠ ಮುಗಿಯುವ ಹೊತ್ತಿಗೆ ಅವನ ಗಾಡಿ ಹಡಗಲಿ ದಾಟಿತ್ತು.

ಕಟ್ಟೆ ಹೋದ ಮೇಲೆ ಮೂವರೂ ಕೂಡಲು ಜಾಗ ಹುಡುಕಿದರು. ಮೊದಲು ಗೊಬ್ಬರದ ಅಂಗಡಿಯ ಮೆಟ್ಟಿಲು. ಬಿತ್ತನೆಯ ದಿನಗಳು, ಗಿರಾಕಿಗಳು ಚೀಲ ಹೊತ್ತು ಇಳಿಯುವಾಗಲೆಲ್ಲ ಇವರು ಏಳಬೇಕು, ಮತ್ತೆ ಕೂಡಬೇಕು. ಮೊಣಕಾಲು ನೋಯುವವರಿಗೆ ಕೂಡುವುದಕ್ಕಿಂತ ಏಳುವುದು ಕಷ್ಟ. ಒಂದು ದಿನ ಹೋದಾಗ ಮೆಟ್ಟಿಲ ಮೇಲೆಲ್ಲ ನೀರು ಚೆಲ್ಲಿತ್ತು. ಮರುದಿನವೂ ಚೆಲ್ಲಿತ್ತು. ಹೋಟೆಲಿನಲ್ಲಿ ಚಹಾ ಕುಡಿದಾದ ಮೇಲೆ ಟೇಬಲ್ ಒರೆಸಿದರು, ಒರೆಸಿದ ಟೇಬಲನ್ನೇ ಮತ್ತೊಮ್ಮೆ ಒರೆಸಿದರು. ರೈಲು ನಿಲ್ದಾಣದ ಬೆಂಚು ಚೆನ್ನಾಗಿತ್ತು, ಗಾಳಿಯೂ ಇತ್ತು. ಆದರೆ ಅಲ್ಲಿ ಕುಳಿತವರೆಲ್ಲ ಯಾವುದಕ್ಕೋ ಕಾಯುತ್ತಿರುತ್ತಾರೆ. “ಯಾವ ಗಾಡಿಗ್ರೀ ಯಜಮಾನ್ರೇ?” ಎಂದು ಬಂದವರೆಲ್ಲ ಕೇಳುತ್ತಿದ್ದರು. ಗುರುಬಸಪ್ಪ ಒಮ್ಮೆ ಹರಿಹರ ಅಂದರು, ಒಮ್ಮೆ ಹೊಸಪೇಟೆ ಅಂದರು, ಆಮೇಲೆ ಉತ್ತರ ಕೊಡುವುದು ಬಿಟ್ಟರು. ಗಾಡಿ ಬಂದು ನಿಂತಾಗಲೆಲ್ಲ ಅಪ್ಪ ಹಳೆಯ ಅಭ್ಯಾಸಕ್ಕೆ ಎದ್ದು ನಿಲ್ಲುತ್ತಿದ್ದ. ಜನ ಅವನನ್ನು ತಳ್ಳಿಕೊಂಡು ಹತ್ತುತ್ತಿದ್ದರು.

ಮನೆಯಲ್ಲೇ ಯಾಕೆ ಕೂಡಬಾರದೆಂದು ನಾನು ಗುರುಬಸಪ್ಪನವರನ್ನು ಕೇಳಿದೆ.

“ಮನ್ಯಾಗ ಕುಂತ್ರ ಅದು ಬೀಗರು ಬಂದಂಗ ಆಕ್ಕೈತವಾ,” ಅಂದರು. “ಚಾ ಮಾಡಬೇಕು, ಹೆಣ್ಮಕ್ಕಳು ಸೆರಗು ಸರಿ ಮಾಡ್ಕೋಬೇಕು, ಟೀವಿ ಸಣ್ಣದು ಮಾಡಬೇಕು. ಎರಡು ದಿನ ಮಾಡ್ತಾರ. ಮೂರನೇ ದಿನ ನಮಗ ಗೊತ್ತಾಗಾಂಗ ಮಾಡ್ತಾರ.”

ಆಷಾಢದ ಗಾಳಿ ಆ ವರ್ಷ ಜೋರಾಗಿತ್ತು. ಬಾಗಿಲುಗಳು ತಾವೇ ತೆರೆದು ತಾವೇ ಬಡಿದುಕೊಳ್ಳುತ್ತಿದ್ದವು. ಅಪ್ಪ ಮುಂಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮುಂಬಾಗಿಲಿಗೆ ನಡೆಯುತ್ತಿದ್ದ. ಕಿಟಕಿಯ ಸರಳನ್ನು ಹಿಡಿದು ನಿಂತರೆ ನಿಂತೇ ಇರುತ್ತಿದ್ದ. ಕೂಡು ಅಂದರೆ ಕೂತು, ನಾನು ಅಡುಗೆ ಮನೆಗೆ ಹೋದ ಕೂಡಲೇ ಎದ್ದುಬಿಡುತ್ತಿದ್ದ. ಹೊರಗೆ ಹೋಗಲು ಅಂಗಿ ಹಾಕುವುದು, ಎಲ್ಲಿಗೆಂದು ಗೊತ್ತಾಗದೆ ಕಳಚುವುದು. ಮಾತು ‘ಹೂಂ’ ಮತ್ತು ‘ಉಹೂಂ’ಗೆ ಬಂದು ನಿಂತಿತು. ಡಾಕ್ಟರು ಇರೋದೂ ಹೋಗುತ್ತೆ ಅಂದಿದ್ದು ಹೀಗೆ ಹೋಗುತ್ತದೆ ಎಂದು ನಾನು ನೋಡುತ್ತಿದ್ದೆ.

ಆ ಹೊತ್ತಿಗೆ ಪಕ್ಕದ ಓಣಿಯ ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡರು. ನಮ್ಮ ಕಡೆ ಶವಸಂಸ್ಕಾರಕ್ಕೆ ಹೋಗುವುದನ್ನು ಮಣ್ಣಿಗೆ ಹೋಗುವುದು ಅನ್ನುತ್ತಾರೆ. ಮಣ್ಣಾದ ಮೇಲೂ ಕೆಲವು ದಿನ ಜನ ಬಂದು ಮನೆಯವರನ್ನು ಮಾತಾಡಿಸಿ ಹೋಗುತ್ತಾರೆ. ಅದಕ್ಕೆಂದು ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಮೂವರೂ ಬೆಳಿಗ್ಗೆ ಹೋಗಿ ಕುಳಿತರು. ಸಂಜೆ ನಾನು ಹೋದಾಗಲೂ ಕುಳಿತೇ ಇದ್ದರು. ಚಹಾದ ಲೋಟ ಬಂತು. ಅಪ್ಪ ಒಂದು ಗುಟುಕು ಕುಡಿದು, “ಸಕ್ಕರಿ… ಕಮ್ಮಿ ಆಗೇತಿ,” ಅಂದ.

ಮೂರು ವಾರಗಳಲ್ಲಿ ಅವನ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಮಾತು ಅದು.

ಕಾರಣ ನನಗೆ ಅಲ್ಲೇ ಕುಳಿತಾಗ ತಿಳಿಯಿತು. ಸಾವಿನ ಮನೆಯ ಮುಂದೆ ಯಾಕೆ ಕುಳಿತಿದ್ದೀರೆಂದು ಯಾರೂ ಕೇಳುವುದಿಲ್ಲ, ಯಾವಾಗ ಏಳುತ್ತೀರೆಂದೂ ಕೇಳುವುದಿಲ್ಲ. ಸುಮ್ಮನಿದ್ದರೆ ಗೌರವ ಅಂದುಕೊಳ್ಳುತ್ತಾರೆ. ಮಾತು ತಡವರಿಸಿದರೆ ದುಃಖ ಅಂದುಕೊಳ್ಳುತ್ತಾರೆ. ಅಪ್ಪ ತಡವರಿಸುವಾಗ ಎದುರಿಗಿದ್ದವರು ತಲೆ ತಗ್ಗಿಸಿ ಕಾಯುತ್ತಿದ್ದರು. ಇನ್ನೊಂದು ಅನುಕೂಲವನ್ನು ದುರುಗಪ್ಪ ಒಮ್ಮೆ ಹೇಳಿದರು: ಶಾಮಿಯಾನದಡಿ ಕೂತವರನ್ನು ಒಳಗೆ ಕರೆಯಬೇಕೋ ಬೇಡವೋ ಎಂದು ಮನೆಯವರು ಯೋಚಿಸಬೇಕಾಗಿಲ್ಲ.

ಮೇಷ್ಟ್ರ ಮನೆಯ ಶಾಮಿಯಾನ ಬಿಚ್ಚಿದ ಮೇಲೆ ಇನ್ನೊಂದು ಮನೆಗೆ ಹೋದರು. ಅಲ್ಲಿ ತೀರಿಕೊಂಡವರ ಪರಿಚಯ ಗುರುಬಸಪ್ಪನವರಿಗೆ ಮಾತ್ರ ಇತ್ತು. ಮೂರನೆಯ ಮನೆಯವರ ಪರಿಚಯ ಯಾರಿಗೂ ಇರಲಿಲ್ಲ. ಐದೂ ತಾಲ್ಲೂಕಿನ ನಿಧನ ವಾರ್ತೆಗಳು ಬೆಳಿಗ್ಗೆ ನನ್ನ ಫೋನಿಗೆ ಬರುತ್ತಿದ್ದವು. ನಾನು ಫೋನ್ ಹಿಡಿದು ಕುಳಿತರೆ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಎದುರಿಗೆ ಬಂದು ನಿಲ್ಲುತ್ತಿದ್ದ.

“ಯಾರು?”

ಕೊಟ್ಟೂರಿನವರಿದ್ದರೆ ಹೇಳುತ್ತಿದ್ದೆ. ಕೂಡ್ಲಿಗಿಯವರೆಂದರೆ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ ಮೂವರೂ ಬಸ್ ಹತ್ತಿ ಹಗರಿಬೊಮ್ಮನಹಳ್ಳಿಗೇ ಹೋಗಿ ಕುಳಿತು ಬಂದರು. ಬರುವಾಗ ಅಪ್ಪ ಕಂಡಕ್ಟರನ ಪಕ್ಕದಲ್ಲಿ ನಿಂತೇ ಬಂದನಂತೆ. ಸೀಟು ಇದ್ದರೂ ಕೂಡಲಿಲ್ಲವಂತೆ.

ಊರಿನವರು ಗಮನಿಸಿದರು. ಬಿಳಿ ಅಂಗಿ ಹಾಕಿಕೊಂಡು ಮೂವರೂ ಸಾಲಾಗಿ ಹೊರಟರೆ, “ಯಾರ ಮನ್ಯಾಗ?” ಎಂದು ಅಂಗಡಿಯವರು ಕೇಳತೊಡಗಿದರು. ತಾಯಿಗೆ ಹುಷಾರಿಲ್ಲದ ಒಬ್ಬರು ಚಹಾದಂಗಡಿಯ ಮುಂದೆ ಕೈ ಮುಗಿದು, “ನಮ್ಮ ಮನಿ ಮುಂದ ಹಾಯಬ್ಯಾಡ್ರಪಾ ನಿಮ್ಮ ಕಾಲಿಗಿ ಬೀಳ್ತೀನಿ,” ಅಂದರು. ಕೇಳಿದವರು ನಕ್ಕರು. ಆದರೆ ಅವರು ಪೂರ್ತಿ ತಮಾಷೆಗೆ ಅಂದಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನು ಕೇಳದೆಯೇ ಬಿಳಿ ಅಂಗಿ ಹಾಕಿಕೊಂಡು ಹೊರಟಿದ್ದ. ಎಲ್ಲಿಗೆ ಅಂದೆ.

“ಶರಣವ್ವ,” ಅಂದ. ಹೋದ.

ಶರಣವ್ವ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಮಂಡಕ್ಕಿ ಮಾಡುತ್ತಿದ್ದವರು. ಊರಿಗೆ ಬಂದು ಹೋಗುವವರೆಲ್ಲ ಅವರ ಬಂಡಿಯ ಮುಂದೆ ನಿಂತು ತಿಂದವರೇ. ಸೊಂಟದ ಎಲುಬು ಮುರಿದು ಬಹಳ ದಿನಗಳಿಂದ ಹಾಸಿಗೆಯಲ್ಲಿದ್ದರು. ವಾರದಿಂದ ಊಟ ಬಿಟ್ಟಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ನನ್ನ ಫೋನಿನಲ್ಲಿ ಅವರ ಸುದ್ದಿ ಇರಲಿಲ್ಲ. ಬಸ್ ನಿಲ್ದಾಣದ ಹೂವಿನವರಿಗೆ ಫೋನ್ ಮಾಡಿದೆ.

“ಅವರ ಮಗ ಈಗಿನ್ನ ಬಾಳಿ ಎಲಿ ತಗಂಡು ಹೋದ್ನಲ್ರಿ,” ಅಂದರು. “ನಕ್ಕೋತ ಹೋದ.”

ನಾನು ಸ್ಕೂಟರ್ ತೆಗೆದೆ.

ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಊರಿನಲ್ಲಿ ಮದುವೆಗೂ ಸಾವಿಗೂ ಅದೇ ಕೆಂಪು ಬಿಳಿ ಪಟ್ಟಿಯ ಬಟ್ಟೆ. ಅದು ಏಳುವುದನ್ನು ಯಾರೋ ನೋಡಿ ಹೇಳಿದ್ದೇ ಇವರಿಗೆ ಸಾಕಾಗಿತ್ತು. ಪಕ್ಕದಲ್ಲಿ ಕಟ್ಟಿಗೆಯ ಒಲೆ ಹಚ್ಚಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಕುರ್ಚಿಗಳನ್ನು ಇನ್ನೂ ಪೂರ್ತಿ ಇಳಿಸಿರಲಿಲ್ಲ. ಇಳಿಸಿದ ಮೂರರಲ್ಲಿ ಮೂವರೂ ಮುಖ ಇಳಿಬಿಟ್ಟು ಕುಳಿತಿದ್ದರು. ದುರುಗಪ್ಪನವರ ತೊಡೆಯ ಮೇಲೆ ಸೇವಂತಿಗೆಯ ದೊಡ್ಡ ಹಾರ. ನಾನು ಗಾಡಿ ನಿಲ್ಲಿಸುವಷ್ಟರಲ್ಲಿ ಶರಣವ್ವನ ಸೊಸೆ ಮಂಜುಳಾ ರಂಗೋಲಿಯ ಡಬ್ಬಿ ಹಿಡಿದು ಹೊರಗೆ ಬಂದಳು.

ಗುರುಬಸಪ್ಪ ಎದ್ದರು. “ಯಾವಾಗ ಆತು ತಂಗೀ? ಬೆಳಗಿನ ಜಾವಾನ? ಬಾಳ ಒಳ್ಳೆ ಜೀವ.”

“ಯಾರ ಜೀವ ಅಜ್ಜಾರ?”

ಮಂಜುಳಾಳ ಕಣ್ಣು ಹಾರಕ್ಕೆ ಹೋಯಿತು. ಡಬ್ಬಿ ಕೈಯಲ್ಲೇ ಇತ್ತು, ಪುಡಿ ನೆಲಕ್ಕೆ ಬಿತ್ತು.

“ತೊಟ್ಲಕ್ಕ ಹಾಕೀವ್ರೀ ಶಾಮಿಯಾನ! ನನ್ನ ಮಗಳ ಕೂಸಿಂದು ತೊಟ್ಲೈತಿ ಇವತ್ತ! ಅತ್ತಿ ಒಳಗ ಜೀವಂತ ಅದಾಳ, ನೀವು ಹೊರಗ ಹಾರ ಹಿಡಕಂಡು ಕುಂತೀರಿ. ಹಸುಗೂಸಿನ ಮನಿಗಿ ಹೆಣದ ಹಾರ ತಂದೀರಲ್ರೀ, ವಯಸ್ಸಾದೋರು ಅನ್ನಬೇಕೋ ಏನನ್ನಬೇಕೋ ನಿಮಗ!”

ದುರುಗಪ್ಪ ಹಾರವನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಅದು ಎರಡೂ ಕಡೆಯಿಂದ ಕಾಣುತ್ತಿತ್ತು. ಅಪ್ಪ ಎದ್ದು ಹೊರಟ. ರಸ್ತೆಯ ಕಡೆ ಹೋಗುವ ಬದಲು ಒಲೆಯ ಕಡೆ ಹೋಗಿ ನಿಂತ.

ಒಳಗಿನಿಂದ ದನಿ ಬಂತು. “ಮಂಜುಳಾ, ಯಾರು ಸತ್ರವಾ?”

ಮಂಜುಳಾ ಬಾಗಿ ಚೆಲ್ಲಿದ ಪುಡಿ ಬಳಿಯತೊಡಗಿದಳು.

“ಕೇಳಾಕತ್ತೀನಿ. ಯಾರು ಸತ್ರು?”

“ಯಾರೂ ಇಲ್ಲ ಬಿಡವಾ,” ಗುರುಬಸಪ್ಪ ಕಿಟಕಿಯ ಕಡೆ ತಿರುಗಿ ಅಂದರು. “ಸುಳ್ಳು ಸುದ್ದಿ.”

“ಯಾರದು ಸುಳ್ಳು ಸುದ್ದಿ?”

ಒಳಗೆ ಕೆಮ್ಮಿದ ಸದ್ದು, ಆಮೇಲೆ ನಗು, ನಗುವಿಗೆ ಮತ್ತೆ ಕೆಮ್ಮು.

“ನಂದಾ? ಹಾರ ತಂದೀರಾ? ತರ್ರಿ ಇಲ್ಲಿ, ಎಂಥಾದ್ದು ತಂದೀರಿ ನೋಡನು.”

ಶರಣವ್ವನ ಮಂಚ ಪಡಸಾಲೆಯಲ್ಲೇ ಇತ್ತು. ಗುರುಬಸಪ್ಪ ಒಳಗೆ ಹೋದರು, ಅಪ್ಪನನ್ನು ನಾನು ಕೈ ಹಿಡಿದು ಕರೆದುಕೊಂಡು ಹೋದೆ. ದುರುಗಪ್ಪ ಹಾರವನ್ನು ಗುರುಬಸಪ್ಪನವರ ಕೈಗೆ ಕೊಟ್ಟು ಹೊಸ್ತಿಲ ಹೊರಗೇ ನಿಂತರು.

“ನೀ ಯಾಕ ಅಲ್ಲಿ ನಿಂತಿ?” ಅಂದರು ಶರಣವ್ವ. “ಕರೆಂಟ್ ಹೋದಾಗ ಹಿತ್ತಲದಾಗ ಹಾದು ಬಂದು ಫ್ಯೂಜ್ ಹಾಕ್ತಿದ್ದಿ. ಈಗ ಮುಂದಿನ ಬಾಗಿಲದಾಗ ಬಾ.”

ದುರುಗಪ್ಪ ಮಂಜುಳಾಳ ಮುಖ ನೋಡಿದರು. ಅವಳು ಪುಡಿ ಬಳಿಯುತ್ತಿದ್ದಳು, ತಲೆ ಎತ್ತಲಿಲ್ಲ. ಒಳಗೆ ಬಂದರು.

ಶರಣವ್ವ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. “ಬರೇ ಸೇವಂತಿಗಿ. ಹಡಗಲಿ ಇಷ್ಟು ಹತ್ರ ಐತಿ, ಒಂದು ಎಳಿ ಮಲ್ಲಿಗಿ ಸಿಗಲಿಲ್ಲೇನು ನಿಮಗ?” ಅಂದು ಕೊರಳಿಗೆ ಹಾಕಿಕೊಂಡರು.

“ಅತ್ತೀ, ತೆಗೀರಿ ಅದನ್ನ. ಅಪಶಕುನ,” ಮಂಜುಳಾ ಬಾಗಿಲಿನಿಂದ ಕೂಗಿದಳು.

“ಸುಮ್ಕಿರಲೇ. ಮದುವ್ಯಾಗ ಹಾಕಿದ್ದು ಒಂದು, ಇದ ಎರಡ್ನೇದು.” ಮೂವರ ಕಡೆ ತಿರುಗಿದರು. “ಕುಂದರ್ರಿ. ಹೊರಗ ಏನ್ ಮಾತಾಡಬೇಕಂತ ಬಂದಿದ್ರೋ ಅದನ್ನ ಇಲ್ಲಿ ಮಾತಾಡ್ರಿ. ನಾನೂ ಕೇಳ್ತೀನಿ.”

ಗುರುಬಸಪ್ಪ ಗಂಟಲು ಸರಿಮಾಡಿಕೊಂಡರು. ಆ ಕೆಲವು ವಾರಗಳಲ್ಲಿ ಅವರಿಗೆ ಆ ಮಾತು ಬಾಯಿಪಾಠ ಆಗಿತ್ತು. “ಬಾಳ ಒಳ್ಳೆ ಜೀವ. ಯಾರಿಗೂ ಕೆಟ್ಟದ್ದು ಬಯಸಲಿಲ್ಲ…”

“ಬಯಸೀನಿ. ನಿನಗ ಬಯಸೀನಿ. ಕಡ್ಲಿಹಿಟ್ಟಿನಾಗ ಬಟಾಣಿ ಹಿಟ್ಟು ಕೂಡಿಸಿ ಕೊಟ್ಟಿದ್ದ್ಯಲ್ಲ, ಮಿರ್ಚಿ ಎಣ್ಣಿ ಕುಡಿಯಾಕ ಹತ್ತಿದ್ವು.”

“ಅದು ಗಿರಣಿಯವನ ತಪ್ಪವಾ!”

“ಸತ್ತೋರ ಮುಂದ ಸುಳ್ಳು ಹೇಳಬಾರದು. ನೀ ಹೇಳಪ ದುರುಗಪ್ಪ.”

“ಬಂಡಿ ಮುಂದಿನ ಬಲ್ಬು ಹೋದ್ರ ಓಣಿಗಿಂತ ಮೊದ್ಲು ನಿಮ್ಮದು ಹಾಕಿ ಕೊಡ್ತಿದ್ದೆನ್ರಿ,” ಅಂದರು ದುರುಗಪ್ಪ. “ಬಿಸಿ ಮಿರ್ಚಿ ಆಸೆಕ್ಕ.”

“ಇದು ಖರೇ.” ಶರಣವ್ವನಿಗೆ ಸಮಾಧಾನವಾಯಿತು. “ಕಂಡಕ್ಟರ್ ಯಾಕ ಸುಮ್ಮನ ಅದಾನ?”

ಅಪ್ಪ ನನ್ನ ಕಡೆ ನೋಡಿದ. ನಾನು ಹೊರಗೆ ಹೋಗಬೇಕೋ ಇಲ್ಲೇ ಇರಬೇಕೋ ತಿಳಿಯದೆ ಬಾಗಿಲ ಬಳಿ ಸರಿದೆ.

“ಮಗಳ ಮುಂದ ನಾಚಿಗ್ಯಾ? ನಾ ನೋಡು ಹೇಲು ಉಚ್ಚಿ ಎಲ್ಲಾ ಸೊಸಿ ಕೈಯಾಗ ಮಾಡಿಸ್ಕೊಳ್ತೀನಿ. ನೀ ಮಾತಾಡಾಕ ನಾಚ್ತೀಯಲ್ಲೋ.”

ಅಪ್ಪ ಮಂಚದ ಸರಳನ್ನು ಹಿಡಿದುಕೊಂಡ. “ಬಸ್ಸು,” ಅಂದ. ನಿಂತ. “ಬಸ್ಸು… ತಡ ಆದ್ರ… ಈಕಿ… ಚಪ್ಪಲಿ…” ತಲೆ ಕೊಡವಿದ. ಆ ಮಾತಲ್ಲ. ಯಾರೂ ತುಂಬಿ ಕೊಡಲಿಲ್ಲ. ಒಳಕೋಣೆಯಲ್ಲಿ ಕೂಸು ಅಳುತ್ತಿತ್ತು, ಹೊರಗೆ ಕುರ್ಚಿ ಇಳಿಸುವ ಸದ್ದು. “ಬಾಣ… ಬಾಣಲಿ… ಇಳಸ್ತಿದ್ದಿಲ್ಲ.”

ಹೊಳಲಿನಿಂದ ಬರುವ ಅವನ ಗಾಡಿ ತಡವಾದ ದಿನ ಶರಣವ್ವ ಬಂಡಿ ಮುಚ್ಚದೆ ಒಲೆಯ ಮೇಲೆ ಎಣ್ಣೆ ಇಟ್ಟುಕೊಂಡೇ ಕಾಯುತ್ತಿದ್ದುದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ.

“ನಿನ್ನ ಸಲುವಾಗಿ ಅಲ್ಲೋ,” ಅಂದರು ಶರಣವ್ವ. “ನಿನ್ನ ಗಾಡ್ಯಾಗ ಹಸಗೊಂಡು ಬರೋ ಮಂದಿ ಸಲುವಾಗಿ.”

“ಹಲ್ಕಟ್,” ಅಂದ ಅಪ್ಪ.

ಎಲ್ಲರೂ ನಕ್ಕರು. ಮಂಜುಳಾ ನಗಲಿಲ್ಲ. ತೊಟ್ಟಿಲ ಹಾಡು ಮುಗಿದು ಊಟವಾಗುವವರೆಗೂ ಹಾರ ಶರಣವ್ವನ ಕೊರಳಲ್ಲೇ ಇತ್ತು. ಸಂಜೆ ಮಂಜುಳಾ ಅದನ್ನು ಹಳ್ಳಕ್ಕೆ ಬಿಟ್ಟು ಬಂದು ತಲೆಗೆ ನೀರು ಹಾಕಿಕೊಂಡಳು.

ಮರುದಿನದಿಂದ ಶರಣವ್ವ ಮಗನ ಕೈಯಲ್ಲಿ ಹೇಳಿ ಕಳಿಸತೊಡಗಿದರು: ಮೂವರೂ ಯಾಕೆ ಬಂದಿಲ್ಲ? ಮೂವರಿಗೂ ಮಂಜುಳಾಳ ಹೆದರಿಕೆ. ಅಪ್ಪ ಮತ್ತೆ ಅಂಗಿ ಹಾಕುವುದು, ಕಳಚುವುದು. ನಾನು ಫೋನ್ ನೋಡುತ್ತಿದ್ದರೂ ಎದುರಿಗೆ ಬಂದು ‘ಯಾರು’ ಎಂದು ಕೇಳುತ್ತಿರಲಿಲ್ಲ. ಹಾಗೆ ಒಂದು ವಾರ ಹೋಯಿತು. ಒಂದು ಮಧ್ಯಾಹ್ನ ಮಂಜುಳಾಳೇ ನಮ್ಮ ಮನೆಗೆ ಬಂದಳು. ಕೂಡಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದಳು.

“ಅಜ್ಜಾರ, ನಾ ಅವತ್ತು ಬೈದಿದ್ದು ತಪ್ಪಂತ ಹೇಳಾಕ ಬಂದಿಲ್ಲ. ಬೈಯೋದ ಇತ್ತು, ಬೈದೆ. ನಮ್ಮತ್ತಿ ಅವತ್ತಿಂದ ಎರಡು ಹೊತ್ತು ಉಣ್ಣಾಕತ್ತಾಳ. ಮೊದ್ಲು ಯಾಕ ಬಿಟ್ಟಿದ್ಲು ಗೊತ್ತೈತೇನು? ಉಂಡ್ರ ಹೇಲು ಉಚ್ಚಿಗಿ ನನ್ನ ಕರೀಬೇಕಾಗ್ತತಿ ಅಂತ. ನನಗ ಹೇಳಿರಲಿಲ್ಲ, ನನ್ನ ಮಗಳಿಗಿ ಹೇಳ್ಯಾಳ.”

ಅಪ್ಪ ‘ಹೂಂ’ ಅಂದ.

“ನಾ ಬಸ್‌ಸ್ಟ್ಯಾಂಡ್ ಹತ್ರ ಟೇಲರ್ ಅಂಗಡ್ಯಾಗ ಬ್ಲೌಸ್ ಹೊಲೀತಿದ್ದೆ. ಅತ್ತಿ ಬಿದ್ದ ದಿನದಿಂದ ಅಂಗಡಿ ಹೊಸ್ತಿಲ ತುಳದಿಲ್ಲ. ನಮ್ಮನಿಯವರು ನಾಕಕ್ಕ ಬಂಡಿ ತಗಂಡು ಹೋಗ್ತಾರ. ನೀವು ನಾಕಕ್ಕ ಬರ್ರಿ, ಆರಕ್ಕ ಏಳ್ರಿ. ಆಕಿನ್ನ ಸ್ವಚ್ಛ ಮಾಡಿ ಕುಂದ್ರಸಿರ್ತೀನಿ. ಚಾ ಫ್ಲಾಸ್ಕಿನಾಗ ಇರ್ತತಿ, ನೀವ ಹಾಕ್ಕೊಂಡು ಕುಡೀರಿ. ಆ ಹೊತ್ತಿನಾಗ ನಾ ಅಂಗಡಿಗಿ ಹೋಗಿ ಬರ್ತೀನಿ. ಒಂದಿನ ತಪ್ಪಿಸಿದ್ರ ನನ್ನ ಕೆಲಸ ಹೋಗ್ತತಿ, ನೋಡ್ರಿ. ಆಮ್ಯಾಲ ಶಾಮಿಯಾನ ನಿಮಗೇ ಹಾಕಿಸ್ತೀನಿ.”

ಹೋಗುವಾಗ ನನ್ನ ಕಡೆ ತಿರುಗಿ, “ನೀವು ಬರೀತೀರಂತಲ್ರಿ, ಇದನ್ನೆಲ್ಲ ಪೇಪರಿಗೆ ಹಾಕಬ್ಯಾಡ್ರಿ ಮತ್ತ,” ಅಂದಳು. ಈಗ ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ. ಹೆಸರು ಬದಲಿಸಿ ಅಂದಳು, ಬದಲಿಸಿದ್ದೇನೆ.

ನಾಲ್ಕಕ್ಕೆ ಹೋಗಬೇಕಾದ ಅಪ್ಪ ಮೂರಕ್ಕೇ ಚಪ್ಪಲಿ ಹಾಕಿಕೊಂಡು ನಿಲ್ಲುತ್ತಿದ್ದ. ಬೇಗ ಹೋದರೆ ಮಂಜುಳಾ ಬಾಗಿಲು ತೆಗೆಯುವುದಿಲ್ಲ. ತಡವಾದರೆ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಿಂತಿರುತ್ತಾಳೆ. ಹಾಗಾಗಿ ಬೇವಿನ ಮರದ ತಿರುವಿನವರೆಗೆ ಹೋಗಿ, ಗುಂಡಿ ನೋಡಿ, ಹಿಂದಿರುಗಿ, ಮತ್ತೆ ಹೊರಡುತ್ತಿದ್ದ. ಒಳಗೆ ಏನು ಮಾತಾಡುತ್ತಿದ್ದರೋ ನಾನು ಪೂರ್ತಿ ಕೇಳಿಲ್ಲ. ಒಂದೆರಡು ಸಲ ಕರೆಯಲು ಹೋದಾಗ ಶರಣವ್ವ ಮೂವರಿಗೂ ಬೈಯುತ್ತಿದ್ದರು. ಒಮ್ಮೆ ದುರುಗಪ್ಪ ಅವರ ಬೆನ್ನ ಹಿಂದೆ ದಿಂಬು ಸರಿಮಾಡುತ್ತಿದ್ದರು. ಬೆನ್ನಿನ ಹುಣ್ಣು ವಾಸಿಯಾಗಿರಲಿಲ್ಲ, ಸೊಂಟವೂ ಕೂಡಿರಲಿಲ್ಲ. ರಾತ್ರಿ ನೋವಿಗೆ ಅಳುತ್ತಾರೆಂದು ಮಂಜುಳಾ ಹೇಳಿದಳು. ಮಿರ್ಚಿಯ ವಾಸನೆ ಬಂದರೆ ಮುಖ ತಿರುಗಿಸುತ್ತಾರೆಂದೂ ಹೇಳಿದಳು.

ದೀಪಾವಳಿಯ ಹೊತ್ತಿಗೆ ಅಪ್ಪ ನನ್ನೆದುರಿಗೂ ಮಾತಾಡತೊಡಗಿದ್ದ. ಹೆಚ್ಚಾಗಿ ದೂರು: ಸಾರು ಉಪ್ಪು, ಅಂಗಿಗೆ ಇಸ್ತ್ರಿ ಇಲ್ಲ. ಹೊಳಲಿನವರೆಗಿನ ನಿಲ್ದಾಣಗಳನ್ನು ಒಂದು ಸಂಜೆ ತಪ್ಪಿಲ್ಲದೆ ಹೇಳಿ, ವಾಪಸು ಬರುವ ದಾರಿಯಲ್ಲಿ ಹಡಗಲಿಯ ಹತ್ತಿರ ಸಿಕ್ಕಿಕೊಂಡ. ಟಿಕೆಟ್ ಇಲ್ಲವೆಂದು ಗುರುಬಸಪ್ಪನವರನ್ನು ಅಲ್ಲೇ ಇಳಿಸಿಬಿಟ್ಟ ಎಂದು ದುರುಗಪ್ಪ ಹೇಳಿದರು. ಸಾವಿನ ಮನೆಗಳಿಗೆ ಹೋಗುವುದನ್ನು ಮೂವರೂ ಬಿಟ್ಟಿದ್ದರು. ಹೋಗಲೇಬೇಕಾದ ಕಡೆ ಮಾತ್ರ, ಕುಳಿತ ಹಾಗೆ ಮಾಡಿ ಎದ್ದು ಬರುತ್ತಿದ್ದರು, ನಾಲ್ಕಕ್ಕೆ ತಡವಾಗುತ್ತದೆ.

2025ರಲ್ಲಿ, ಶಿವರಾತ್ರಿ ಕಳೆದ ಮೇಲೆ, ಅಪ್ಪನಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಬಲಭಾಗ ಪೂರ್ತಿ ಹೋಯಿತು. ಮಾತೂ ಹೋಯಿತು, ಬೈಗುಳವೂ ಹೋಯಿತು. ದಾವಣಗೆರೆಯ ಡಾಕ್ಟರು ಈ ಸಲ ಮಾತಾಡಿಸಿ ಎಂದು ಹೇಳಲಿಲ್ಲ.

ಆಸ್ಪತ್ರೆಯಿಂದ ಕರೆದುಕೊಂಡು ಬಂದ ಮರುದಿನ ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಗುರುಬಸಪ್ಪ ನಿಂತಿದ್ದರು.

“ದುರುಗ್ಯಾ ಅಲ್ಲಿಗಿ ಹೋಗ್ಯಾನ, ನಾ ಇಲ್ಲಿಗಿ ಬಂದೀನಿ. ನಾಳಿ ಅದ್ಲು ಬದ್ಲು ಮಾಡ್ತೀವಿ. ನೀ ಎಲ್ಲಿಗಿ ಹೋಗಬೇಕೋ ಹೋಗವಾ.”

ಎಲ್ಲಿಗೆಂದು ನನಗೆ ಗೊತ್ತಿರಲಿಲ್ಲ. ಸ್ಕೂಟರ್ ತೆಗೆದುಕೊಂಡು ಕೂಡ್ಲಿಗಿ ರಸ್ತೆಯಲ್ಲಿ ಸುಮ್ಮನೆ ಹೋಗಿ, ಒಂದು ಕಡೆ ನಿಲ್ಲಿಸಿ, ತಿರುಗಿ ಬಂದೆ. ಈಗ ಸಂಜೆಯ ಸುದ್ದಿಗಳನ್ನು ಆ ಎರಡು ತಾಸಿನಲ್ಲಿ ಮುಗಿಸುತ್ತೇನೆ. ನಾಲ್ಕಕ್ಕೆ ಐದು ನಿಮಿಷ ತಡವಾದರೂ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದು ನೋಡುತ್ತೇನೆ.

ಎರಡೂ ಮನೆಗಳ ನಡುವೆ ಫೋನ್ ಹಚ್ಚುವುದನ್ನು ದುರುಗಪ್ಪ ಶುರುಮಾಡಿದರು. ಅಲ್ಲಿ ಶರಣವ್ವನ ಮಂಚದ ಮೇಲೆ ಒಂದು, ಇಲ್ಲಿ ಅಪ್ಪನ ದಿಂಬಿನ ಪಕ್ಕದಲ್ಲಿ ಒಂದು. ಶರಣವ್ವ ಬೈಯುತ್ತಾರೆ. ಎದ್ದು ಕೂಡೋದಿಲ್ಲೇನು, ನಾ ಸೊಂಟ ಮುರದಾಕಿ ಕುಂತೀನಿ, ನೀ ಗಂಡಸಾಗಿ ಮಲಗೀಯಲ್ಲ, ಹಲ್ಕಟ್ ಅನ್ನು ನೋಡೋಣು. ಅಪ್ಪ ಚಾವಣಿ ನೋಡುತ್ತಿರುತ್ತಾನೆ. ಕೆಲವು ದಿನ ಕಣ್ಣು ಮುಚ್ಚಿರುತ್ತಾನೆ. ಕೇಳಿಸುತ್ತದೋ ಇಲ್ಲವೋ ಹೇಳಲಾಗುವುದಿಲ್ಲ.

ನಿನ್ನೆ ಸಂಜೆ ನಾನು ಹಲವಾಗಲಿನಲ್ಲಿದ್ದೆ, ಹೊಳೆಸಾಲಿನ ಭತ್ತದ ಸುದ್ದಿಗೆ. ಮನೆಗೆ ಬಂದಾಗ ಗುರುಬಸಪ್ಪ ಇನ್ನೂ ಹೋಗಿರಲಿಲ್ಲ. ಶರಣವ್ವ ‘ಸಾಕು, ಇಡ್ತೀನಿ’ ಅಂದಾಗ ಅಪ್ಪ ಎಡಗೈಯಿಂದ ಫೋನ್ ಹಿಡಿದು ‘ಇಡಬ್ಯಾಡ’ ಅಂದನೆಂದು ಹೇಳಿದರು. ಅವರಿಗೆ ಕಿವಿ ಸ್ವಲ್ಪ ಮಂದ. ನಾನು ಶರಣವ್ವನಿಗೆ ಫೋನ್ ಮಾಡಿ ಕೇಳಿದೆ.

“ಹೂನವಾ, ಅಂದ,” ಅಂದರು. “ನಾ ಇಡಲಿಲ್ಲ. ದೀಪ ಹಚ್ಚೋ ತನಕ ಬೈದೆ.”